ಯಾದಗಿರಿ ಪ್ರತಿ ಪಟ್ಟಿಯಲ್ಲೂ ಕೊನೆಗೇಕೆ? ‘ನಿಜಾಮ’ ಎಂಬ ಉತ್ತರ ಸಾಕೇ?

ಗುರುಮಠಕಲ್ ಹುಡುಗ

ಕಳೆದ ವಾರ ಕಚೇರಿಯಲ್ಲಿ ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬರು, “ಯಾವ ಪಟ್ಟಿ ಬಂದರೂ ನಿಮ್ಮ ಯಾದಗಿರಿ ಕೊನೆಯಲ್ಲೇ ಇರುತ್ತದಲ್ಲ, ಯಾಕೆ?” ಎಂದು ಕೇಳಿದರು. ನನ್ನ ಬಾಯಿಗೆ ತಟ್ಟನೆ ಬಂದದ್ದು “ನಿಜಾಮರ ಆಳ್ವಿಕೆ” ಎಂಬ ಎರಡು ಪದ. ಅವರು ತಲೆಯಾಡಿಸಿ ಮೊಸರನ್ನಕ್ಕೆ ಮರಳಿದರು. ಆ ಉತ್ತರ ಮಾತ್ರ ನನಗೇ ಒಪ್ಪಿಗೆಯಾಗಲಿಲ್ಲ. ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರಿನಲ್ಲಿ ಮುಗಿಯಿತು. ನನ್ನ ಅಪ್ಪ ಹುಟ್ಟಿದ್ದೇ ಅದಾದ ಹನ್ನೆರಡು ವರ್ಷಕ್ಕೆ, ಈಗ ಅವರಿಗೆ ಮೊಮ್ಮಕ್ಕಳಿದ್ದಾರೆ.

ಮನೆಗೆ ಬಂದು 2011ರ ಜನಗಣತಿಯನ್ನು ತೆರೆದೆ. ಜಿಲ್ಲೆಯ ಜನಸಂಖ್ಯೆ 11.74 ಲಕ್ಷ. ಸಾಕ್ಷರತೆ ನೂರಕ್ಕೆ 51.83, ರಾಜ್ಯದ್ದು 75.36. ಹೆಂಗಸರಲ್ಲಿ ನಲವತ್ತೊಂದು ಚಿಲ್ಲರೆ, ಗಂಡಸರಲ್ಲಿ ಅರವತ್ತೆರಡು. ಪರಿಶಿಷ್ಟ ಜಾತಿಯವರು ನೂರಕ್ಕೆ 23ಕ್ಕೂ ಹೆಚ್ಚು, ಪರಿಶಿಷ್ಟ ಪಂಗಡದವರು ಹನ್ನೆರಡೂವರೆ. ಎರಡನ್ನೂ ಸೇರಿಸಿದರೆ ಮೂವತ್ತಾರರ ಸಮೀಪ, ರಾಜ್ಯದಲ್ಲಿ ಅದೇ ಮೊತ್ತ ಇಪ್ಪತ್ತನಾಲ್ಕು. ಪಟ್ಟಣವಾಸಿಗಳು ಹತ್ತೊಂಬತ್ತರಷ್ಟು, ರಾಜ್ಯದಲ್ಲಿ ಅದರ ಎರಡು ಪಟ್ಟು. ಹೀಗಿರುವಾಗ ನನ್ನ ಪ್ರಶ್ನೆಗಳು ಎರಡು. ‘ಯಾದಗಿರಿ ಬಡ ಜಿಲ್ಲೆ’ ಎನ್ನುವಾಗ ನಾವು ಜಿಲ್ಲೆಯ ಬಡತನವನ್ನು ಹೇಳುತ್ತಿದ್ದೇವೆಯೇ, ಅಥವಾ ಜಿಲ್ಲೆಯಲ್ಲಿ ಹೆಚ್ಚಾಗಿರುವ ಕೆಲವು ಸಮುದಾಯಗಳ ಬಡತನಕ್ಕೆ ಜಿಲ್ಲೆಯ ಹೆಸರನ್ನು ಇಡುತ್ತಿದ್ದೇವೆಯೇ? ಮತ್ತು ಯಾವ ಅಂಕಿಯನ್ನು ನಂಬಬೇಕು? ತಿಳಿದವರು ಹೇಳಿ.

ಮಂಡ್ಯದ ಮಾತು

ಯಾವ ಅಂಕಿಯನ್ನಾದರೂ ನಂಬಿ, ಬಿಪಿಎಲ್ ಕಾರ್ಡಿನ ಅಂಕಿಯನ್ನು ಮಾತ್ರ ನಂಬಬೇಡಿ. ನಮ್ಮ ಬೀದಿಯಲ್ಲಿ ಟ್ರ್ಯಾಕ್ಟರ್ ಎರಡಿರುವ ಮನೆಯವರೂ ಆ ಸಾಲಿನಲ್ಲಿ ನಿಂತು ಅಕ್ಕಿ ತರುತ್ತಾರೆ.

ಅಂಕಿಪ್ರಿಯೆ

ಹುಡುಗರೇ, ನಿಮ್ಮ ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅದು ಬಗೆಹರಿಯದೆ ಮೊದಲನೆಯದಕ್ಕೆ ಉತ್ತರವಿಲ್ಲ. ‘ಬಡತನದ ಪ್ರಮಾಣ’ ಎಂಬ ಒಂದೇ ಮಾತಿನ ಕೆಳಗೆ ಮೂರು ಬೇರೆ ಬೇರೆ ಅಳತೆಗಳು ಓಡಾಡುತ್ತಿವೆ.

ಮೊದಲನೆಯದು ಖರ್ಚಿನ ರೇಖೆ. ತೆಂಡೂಲ್ಕರ್ ಸಮಿತಿಯ ವಿಧಾನದ ಪ್ರಕಾರ 2011–12ರಲ್ಲಿ ಗ್ರಾಮೀಣ ಕರ್ನಾಟಕದಲ್ಲಿ ತಲೆಗೆ ತಿಂಗಳಿಗೆ 902 ರೂಪಾಯಿಗಿಂತ ಕಡಿಮೆ ಖರ್ಚು ಮಾಡುವವರು ಬಡವರು, ಅಂದರೆ ದಿನಕ್ಕೆ ಮೂವತ್ತು ರೂಪಾಯಿ. ಆ ಲೆಕ್ಕದಲ್ಲಿ ರಾಜ್ಯದ ಬಡತನ ನೂರಕ್ಕೆ 20.91. ಆದರೆ ಈ ಸಮೀಕ್ಷೆಯ ಮಾದರಿ ರಾಜ್ಯಕ್ಕೆ ಸಾಕಾಗುತ್ತದೆ, ಜಿಲ್ಲೆಗೆ ಸಾಕಾಗುವುದಿಲ್ಲ. ‘ಯಾದಗಿರಿಯ ಬಡತನ ರೇಖೆಯ ಅಂಕಿ’ ಎಂದು ಯಾರಾದರೂ ಹೇಳಿದರೆ ಎರಡು ಸಲ ಕೇಳಿ.

ಎರಡನೆಯದು ಪಡಿತರ ಚೀಟಿ. ಅದು ಅರ್ಹತೆಯ ಪಟ್ಟಿಯೇ ಹೊರತು ಅಳತೆಯಲ್ಲ, ಆದ್ದರಿಂದ ಮಂಡ್ಯದವರ ಮಾತನ್ನು ಒಪ್ಪುತ್ತೇನೆ.

ಮೂರನೆಯದು ನೀತಿ ಆಯೋಗದ ಬಹು ಆಯಾಮದ ಬಡತನ ಸೂಚ್ಯಂಕ, ನೀವು ನೋಡಿರುವ ಪಟ್ಟಿಗಳಲ್ಲಿ ಬಹುಪಾಲು ಇದರದ್ದೇ. ಆರೋಗ್ಯ, ಶಿಕ್ಷಣ, ಜೀವನಮಟ್ಟ ಎಂಬ ಮೂರು ಭಾಗಗಳು, ಒಟ್ಟು ಹನ್ನೆರಡು ಸೂಚಕಗಳು. ಮನೆಯಲ್ಲಿ ಹತ್ತು ವರ್ಷ ದಾಟಿದ ಒಬ್ಬರಾದರೂ ಆರು ವರ್ಷದ ಶಾಲೆ ಮುಗಿಸಿದ್ದಾರೆಯೇ, ಅಡುಗೆಗೆ ಸೌದೆಯೋ ಗ್ಯಾಸೋ, ಶೌಚಾಲಯವಿದೆಯೇ, ತಾಯಿ ಮತ್ತು ಮಕ್ಕಳ ತೂಕ ಎಷ್ಟು ಎಂಬಂಥ ಪ್ರಶ್ನೆಗಳು. ಕೊರತೆಗಳ ತೂಕ ಮೂರನೇ ಒಂದು ಭಾಗ ಮುಟ್ಟಿದರೆ ಆ ಮನೆಯವರೆಲ್ಲರೂ ಬಡವರು. 2015–16ರ ಕುಟುಂಬ ಆರೋಗ್ಯ ಸಮೀಕ್ಷೆಯ ಮೇಲೆ ಕಟ್ಟಿದ ಮೊದಲ ವರದಿಯಲ್ಲಿ ಯಾದಗಿರಿಯಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಬಡವರೆಂದು ಬಂತು. ಮುಂದಿನ ಸಮೀಕ್ಷೆಯ ಹೊತ್ತಿಗೆ ರಾಜ್ಯದ ಸರಾಸರಿ 12.77ರಿಂದ 7.58ಕ್ಕೆ ಇಳಿಯಿತು, ಯಾದಗಿರಿಯದೂ ಚೆನ್ನಾಗಿಯೇ ಇಳಿಯಿತು. ಒಂದು ಮಾತು ನೆನಪಿರಲಿ: ಆ ಎರಡನೆಯ ಸಮೀಕ್ಷೆ ಕರ್ನಾಟಕದಲ್ಲಿ ಕೊರೊನಾಕ್ಕಿಂತ ಮುಂಚೆಯೇ ಮುಗಿದಿತ್ತು.

ಹೊಸಬ

ಅಂದರೆ ಈ ಸೂಚ್ಯಂಕದಲ್ಲಿ ಆದಾಯವೇ ಇಲ್ಲವೇ? ಗ್ಯಾಸ್ ಸಿಲಿಂಡರ್ ಒಂದು, ಬ್ಯಾಂಕ್ ಖಾತೆ ಒಂದು, ಶೌಚಾಲಯ ಒಂದು ಕೊಟ್ಟರೆ ಬಡತನ ಇಳಿದಂತೆಯೇ?

ಅಂಕಿಪ್ರಿಯೆ

ಆದಾಯವಿಲ್ಲ, ಹೌದು. ಖಾಲಿ ಸಿಲಿಂಡರ್ ಮೂಲೆಯಲ್ಲಿದ್ದು ಒಲೆಯಲ್ಲಿ ತೊಗರಿ ಕಟ್ಟಿಗೆ ಉರಿಯುತ್ತಿದ್ದರೆ ಸಮೀಕ್ಷೆಯವರು ಕೇಳುವುದು ಮುಖ್ಯವಾಗಿ ಯಾವುದರಲ್ಲಿ ಅಡುಗೆ ಮಾಡುತ್ತೀರಿ ಎಂದು, ಆದ್ದರಿಂದ ಅಷ್ಟು ಸುಲಭವಾಗಿ ಮೋಸ ಹೋಗುವ ಅಳತೆಯೂ ಅದಲ್ಲ. ಆದರೂ ಕೈಯಲ್ಲಿ ದುಡ್ಡು ಎಷ್ಟು ಓಡಾಡುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ ಎಂಬ ನಿಮ್ಮ ತಕರಾರು ನ್ಯಾಯವಾದದ್ದೇ.

ಕಡಲೂರಿನವನು

ನಾನು ನೇರವಾಗಿ ಹೇಳುತ್ತೇನೆ, ಬೇಸರ ಬೇಡ. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ನೂರಕ್ಕೆ 15.6 ಬೆಳೆದರೆ ಯಾದಗಿರಿಯದು 22 ದಾಟಿತು. ಮಕ್ಕಳು ಹೆಚ್ಚಿದ್ದರೆ ತಲಾ ಪಾಲು ಕಡಿಮೆಯಾಗುವುದು ಸಹಜವಲ್ಲವೇ? ನಮ್ಮ ದಕ್ಷಿಣ ಕನ್ನಡದಲ್ಲಿಯೂ ಜಮೀನು ಕಡಿಮೆ, ನಮ್ಮವರೂ ಊರು ಬಿಟ್ಟು ಮುಂಬೈಗೆ ಹೋದವರೇ. ಹೋದರು, ದುಡಿದರು, ಮನೆಗೆ ಕಳಿಸಿದರು. ಎಲ್ಲದಕ್ಕೂ ಸರ್ಕಾರವನ್ನೂ ನಿಜಾಮರನ್ನೂ ದೂರಿದರೆ ಏನು ಪ್ರಯೋಜನ?

ಸಗರನಾಡಿನವ

ಕಡಲೂರಿನವರೇ, ಬೇಸರವೇನಿಲ್ಲ, ಆದರೆ ಉತ್ತರ ಸ್ವಲ್ಪ ಉದ್ದವಿದೆ, ಕುಳಿತು ಓದಿ.

ನನ್ನದು ಸುರಪುರ ತಾಲ್ಲೂಕು. ಯಾದಗಿರಿ ಎಂದರೆ ಒಂದೇ ಬಣ್ಣದ ಜಿಲ್ಲೆ ಎಂದು ಹೊರಗಿನವರು ತಿಳಿದಿದ್ದಾರೆ. ನಮ್ಮ ಕಡೆ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಎಡದಂಡೆ ಕಾಲುವೆ ಬರುತ್ತದೆ. ಸುರಪುರ, ಶಹಾಪುರ, ಹುಣಸಗಿಯಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ. ಗುರುಮಠಕಲ್ ಕಡೆ ಹೋದರೆ ಮಳೆ ನಂಬಿದ ತೊಗರಿ, ಜೋಳ, ಶೇಂಗಾ. ಹಾಗಾದರೆ ನೀರಿರುವ ನಮ್ಮ ಕಡೆ ಬಡತನ ಇರಬಾರದಿತ್ತು. ಇದೆ. ಅದು ಹೇಗೆ ಎಂದು ಹೇಳುತ್ತೇನೆ.

ಕಾಲುವೆ ಬಂದಾಗ ಭೂಮಿಯನ್ನು ಸಮ ಮಾಡಿಸಲು, ಗೊಬ್ಬರ ಹಾಕಲು, ಭತ್ತ ಹಚ್ಚಲು ಹಣ ಬೇಕಾಯಿತು. ಜೋಳ ಬಿತ್ತಿ ಉಣ್ಣುತ್ತಿದ್ದ ನಾಲ್ಕೆಕರೆಯ ಮನುಷ್ಯನ ಕೈಯಲ್ಲಿ ಅದು ಇರಲಿಲ್ಲ. ಆಂಧ್ರದ ಕಡೆಯಿಂದ ಭತ್ತದ ಕಸುಬು ಬಲ್ಲವರು ಬಂದು ಕ್ಯಾಂಪ್ ಹಾಕಿದರು, ಹೊಲಗಳನ್ನು ಲಾವಣಿಗೆ, ಅಂದರೆ ಗೇಣಿಗೆ, ಹಿಡಿದರು, ಕೆಲವರು ಕೊಂಡರು. ಅವರನ್ನು ದೂರುವುದಿಲ್ಲ, ಅವರು ದುಡಿದು ಬೆಳೆದವರು. ಆದರೆ ನಮ್ಮೂರಿನಲ್ಲಿ ಎಷ್ಟೋ ಮಂದಿ ತಮ್ಮದೇ ಹೊಲದಲ್ಲಿ ಕೂಲಿಗೆ ನಿಂತರು. ಪಹಣಿಯಲ್ಲಿ ಹೆಸರು ಅವರದೇ ಇದೆ, ಆದ್ದರಿಂದ ಕಾಗದದಲ್ಲಿ ಅವರು ನೀರಾವರಿ ರೈತರು! ಇನ್ನು ಕಾಲುವೆಯ ಕೊನೆಯ ಭಾಗದ ಊರುಗಳಿಗೆ ನೀರು ಬರುವುದು ಮೇಲಿನವರು ಕುಡಿದು ಬಿಟ್ಟ ಮೇಲೆ.

ಜನರ ಲೆಕ್ಕಕ್ಕೆ ಬರುತ್ತೇನೆ. ಸುರಪುರ ಇಂದು ಪರಿಶಿಷ್ಟ ಪಂಗಡದಲ್ಲಿರುವ ಬೇಡ ನಾಯಕರ ಸಂಸ್ಥಾನವಾಗಿತ್ತು, 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ನಿಂತದ್ದು ಎಲ್ಲರಿಗೂ ಗೊತ್ತು, ಅದಾದ ಮೇಲೆ ಸೀಮೆ ನಿಜಾಮರ ಪಾಲಾಯಿತು. ಆದ್ದರಿಂದ ನಮ್ಮ ತಾಲ್ಲೂಕಿನಲ್ಲಿ ಪರಿಶಿಷ್ಟ ಪಂಗಡದವರು ಎಂದರೆ ಕಾಡಿನಂಚಿನ ಜನರಲ್ಲ. ರಾಜಕೀಯವಾಗಿ ಬಲವಿರುವ, ಭೂಮಿ ಇರುವ ಮನೆಗಳೂ, ಏನೂ ಇಲ್ಲದ ಮನೆಗಳೂ ಒಂದೇ ಹೆಸರಿನ ಕೆಳಗೆ ಇವೆ. ‘ಹನ್ನೆರಡೂವರೆ ಪಂಗಡದವರು, ಆದ್ದರಿಂದ ಬಡತನ’ ಎಂದು ಗುಣಾಕಾರ ಮಾಡುವವರು ಒಮ್ಮೆ ಸುರಪುರಕ್ಕೆ ಬಂದು ನೋಡಬೇಕು.

ತೊಗರಿ ಹೊಲ

ಕೊನೆಯ ಭಾಗದವರ ಮಾತು ನೂರಕ್ಕೆ ನೂರು ಸರಿ. ನಮ್ಮದೂ ಅದೇ ಪಾಡು. ಕಾಲುವೆ ಇದೆ ಎಂಬ ಕಾರಣಕ್ಕೆ ಬರಗಾಲದ ಪಟ್ಟಿಯಲ್ಲೂ ನಮ್ಮನ್ನು ಕೇಳುವವರಿಲ್ಲ.

ತಾಂಡಾದ ಮಗಳು

ಇಲ್ಲಿಯವರೆಗೆ ಎಲ್ಲರೂ ಜಮೀನಿನ ಮಾತನ್ನೇ ಆಡಿದ್ದೀರಿ. ಜಮೀನೇ ಇಲ್ಲದವರ ಮಾತನ್ನು ನಾನು ಆಡುತ್ತೇನೆ.

ನಾನು ಹುಟ್ಟಿದ್ದು ತೆಲಂಗಾಣದ ಗಡಿಗೆ ಅಂಟಿಕೊಂಡ ಲಂಬಾಣಿ ತಾಂಡಾದಲ್ಲಿ. ದೀಪಾವಳಿ ಮುಗಿದ ಎರಡು ವಾರದೊಳಗೆ ತಾಂಡಾದಲ್ಲಿ ಉಳಿಯುವುದು ಮುದುಕರು, ಮುದುಕಿಯರು, ನಾಯಿಗಳು ಮತ್ತು ಅಜ್ಜಿಯ ಸುಪರ್ದಿಗೆ ಬಿಟ್ಟ ಮಕ್ಕಳು. ಮೇಸ್ತ್ರಿ ಬಂದು ಮುಂಗಡ ಕೊಟ್ಟು ಹೋಗಿರುತ್ತಾನೆ, ಅವನಿಗೆ ಬೇಕಾದದ್ದು ಜೋಡಿ, ಅಂದರೆ ಗಂಡ ಹೆಂಡತಿ ಇಬ್ಬರೂ. ಟಂಟಂನಲ್ಲಿ ಯಾದಗಿರಿ ಸ್ಟೇಷನ್ನಿಗೆ, ಅಲ್ಲಿಂದ ಬೆಂಗಳೂರಿಗೆ, ಪುಣೆಗೆ, ಮುಂಬೈಗೆ. ಇದನ್ನು ನಾವು ಗುಳೆ ಎನ್ನುತ್ತೇವೆ. ಯುಗಾದಿಗೆ ಬಂದು ಹೋಗುವವರಿದ್ದಾರೆ, ಮಳೆ ಬಿದ್ದ ಮೇಲೆ ಬರುವವರಿದ್ದಾರೆ, ಮೂರು ವರ್ಷಕ್ಕೊಮ್ಮೆ ಜಾತ್ರೆಗೆ ಬರುವವರೂ ಇದ್ದಾರೆ. ನಾನು ಎರಡನೆಯ ತರಗತಿಯನ್ನು ಊರಿನಲ್ಲಿ ಅರ್ಧ, ಬೆಂಗಳೂರಿನ ಥಣಿಸಂದ್ರದ ಕಡೆಯ ತಗಡಿನ ಶೆಡ್ಡಿನಲ್ಲಿ ಅರ್ಧ ಕಳೆದವಳು. ಶೆಡ್ಡಿನಲ್ಲಿ ಕಳೆದ ಅರ್ಧದಲ್ಲಿ ಶಾಲೆ ಇರಲಿಲ್ಲ, ತಮ್ಮನನ್ನು ಎತ್ತಿಕೊಳ್ಳುವ ಕೆಲಸ ಇತ್ತು.

ಇನ್ನು ‘ಪರಿಶಿಷ್ಟರು ನೂರಕ್ಕೆ ಇಷ್ಟು’ ಎಂಬ ಲೆಕ್ಕ. ನಮ್ಮ ಲಂಬಾಣಿ ಜನ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಹತ್ತು ಕಿಲೋಮೀಟರ್ ಆಚೆ, ತೆಲಂಗಾಣದಲ್ಲಿ, ನನ್ನ ಚಿಕ್ಕಮ್ಮನ ಮಕ್ಕಳು ಪರಿಶಿಷ್ಟ ಪಂಗಡ. ಮಹಾರಾಷ್ಟ್ರಕ್ಕೆ ಹೋದರೆ ಅದೂ ಅಲ್ಲ, ಇದೂ ಅಲ್ಲ, ವಿಮುಕ್ತ ಜಾತಿ ಎಂಬ ಇನ್ನೊಂದು ಪಟ್ಟಿ. ಮಾತು ಒಂದೇ, ಮದುವೆ ಸಂಬಂಧಗಳು ಒಂದೇ, ಬಡತನವೂ ಒಂದೇ. ಹೀಗಿರುವಾಗ ಯಾದಗಿರಿಯ ಪರಿಶಿಷ್ಟ ಜಾತಿಯ ಪ್ರಮಾಣವನ್ನು ನಾರಾಯಣಪೇಟೆ ಜಿಲ್ಲೆಯದರ ಪಕ್ಕದಲ್ಲಿಟ್ಟು ಹೋಲಿಸಿದರೆ ಯಾರನ್ನು ಯಾರೊಂದಿಗೆ ಹೋಲಿಸಿದಂತಾಯಿತು?

ಅಂಕಿಪ್ರಿಯೆ

ತಂಗಿ, ನೀವು ಹೇಳಿದ್ದು ಬಹಳ ಮುಖ್ಯವಾದ ವಿಷಯ, ಅದಕ್ಕೆ ಇನ್ನೊಂದನ್ನು ಜೋಡಿಸುತ್ತೇನೆ. ಪಟ್ಟಿಗಳು ಸ್ಥಳದಿಂದ ಸ್ಥಳಕ್ಕೆ ಮಾತ್ರವಲ್ಲ, ಕಾಲದಿಂದ ಕಾಲಕ್ಕೂ ಬದಲಾಗುತ್ತವೆ. ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಸಮಾನಾರ್ಥಕಗಳಾಗಿ ಸೇರಿದ್ದು 1991ರ ತಿದ್ದುಪಡಿಯಿಂದ. ಹಳೆಯ ಗಣತಿಯನ್ನೂ ಹೊಸ ಗಣತಿಯನ್ನೂ ಅಕ್ಕಪಕ್ಕ ಇಟ್ಟು “ಪಂಗಡದವರು ಇಷ್ಟು ಹೆಚ್ಚಾದರು” ಎನ್ನುವವರು ಹುಟ್ಟಿದ ಮಕ್ಕಳನ್ನಲ್ಲ, ಬದಲಾದ ಪಟ್ಟಿಯನ್ನು ಎಣಿಸುತ್ತಿರುತ್ತಾರೆ. ಕಬ್ಬಲಿಗ, ಕೋಲಿ ಸಮುದಾಯದವರ ಬೇಡಿಕೆಯೂ ಬಹುಕಾಲದಿಂದ ಇದೆ. ನಾಳೆ ಅದು ಈಡೇರಿದರೆ ಭೀಮಾ ದಂಡೆಯ ಊರುಗಳ ‘ಜನಸಂಖ್ಯಾ ಸ್ವರೂಪ’ ಒಂದೇ ರಾತ್ರಿಯಲ್ಲಿ ಬದಲಾಗುತ್ತದೆ, ಒಬ್ಬರ ಅಡುಗೆಮನೆಯೂ ಬದಲಾಗದೆ.

ಗುರುಮಠಕಲ್ ಹುಡುಗ ಕೇಳಿದ ಮೊದಲ ಪ್ರಶ್ನೆಗೆ ಈಗ ಉತ್ತರಿಸಬಹುದು. ಯಾದಗಿರಿಯಲ್ಲಿ ಯಾವ ಸಮುದಾಯದಲ್ಲಿ ಎಷ್ಟು ಬಡತನ ಎಂಬ ವಿಶ್ವಾಸಾರ್ಹ ಅಂಕಿ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ಸಿಗುವುದು ಕಷ್ಟ. ಕಾರಣ ಸರಳ: ಆ ಸಮೀಕ್ಷೆಯಲ್ಲಿ ಒಂದು ಜಿಲ್ಲೆಗೆ ಸಿಗುವುದು ಒಂಬೈನೂರರ ಆಸುಪಾಸಿನ ಮನೆಗಳು. ಅದನ್ನು ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಮುಸ್ಲಿಂ, ಉಳಿದವರು ಎಂದು ಒಡೆದು, ಮತ್ತೆ ನೀರಾವರಿ ಮತ್ತು ಒಣಭೂಮಿ ಎಂದು ಒಡೆದರೆ ಒಂದೊಂದು ಕೋಣೆಯಲ್ಲಿ ಉಳಿಯುವುದು ಕೆಲವೇ ಹತ್ತು ಮನೆಗಳು. ಅದರ ಮೇಲೆ ನಿಂತು ಸಮುದಾಯಗಳ ಬಗ್ಗೆ ತೀರ್ಪು ಕೊಡುವುದು ಬಾವಿಯ ಒಂದು ಕೊಡ ನೀರು ನೋಡಿ ಹೊಳೆಯ ರುಚಿ ಹೇಳಿದಂತೆ.

ಭೀಮಾದಂಡೆ

ಅಕ್ಕ, ಅಂಕಿ ಇಲ್ಲ ಎಂದ ಮಾತ್ರಕ್ಕೆ ವ್ಯತ್ಯಾಸವೇ ಇಲ್ಲ ಎಂಬ ಅರ್ಥ ಬರದಿರಲಿ. ನಮ್ಮೂರಿನಲ್ಲಿ ಯಾವ ಓಣಿಯಿಂದ ಗುಳೆ ಹೋಗುತ್ತಾರೆ, ಯಾವ ಓಣಿಯಿಂದ ಹೋಗುವುದಿಲ್ಲ ಎಂಬುದನ್ನು ಐದನೆಯ ತರಗತಿಯ ಹುಡುಗನೂ ಹೇಳಬಲ್ಲ. ಸಿಮೆಂಟ್ ರಸ್ತೆ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಶುರು.

ಅಂಕಿಪ್ರಿಯೆ

ಒಪ್ಪಿದೆ. ಇದೆ ಎಂಬುದರಲ್ಲಿ ಅನುಮಾನವಿಲ್ಲ, ಎಷ್ಟು ಎಂಬುದರಲ್ಲಿ ಮಾತ್ರ.

ನಿವೃತ್ತ ಮೇಷ್ಟ್ರು

ಮೂವತ್ತೊಂದು ವರ್ಷ ಈ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿದವನು ನಾನು. ನನ್ನ ಸಮೀಕ್ಷೆ ಹಾಜರಿ ಪುಸ್ತಕ.

ಜೂನ್, ಜುಲೈಯಲ್ಲಿ ನಲವತ್ತು ಮಕ್ಕಳು. ಆಗಸ್ಟ್ ದಾಟಿದ ಮೇಲೆ ಹತ್ತಿ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ಬರುತ್ತದೆ: ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಕೆಲಸ, ಅದಕ್ಕೆ ಸಣ್ಣ ಕೈಗಳೇ ಬೇಕು ಎಂದು ಯಾರೋ ಎಂದೋ ತೀರ್ಮಾನಿಸಿಬಿಟ್ಟಿದ್ದಾರೆ. ಮೊದಲು ಹೆಣ್ಣುಮಕ್ಕಳ ಸಾಲು ಖಾಲಿಯಾಗುತ್ತದೆ. ನಂತರ ಹತ್ತಿ ಬಿಡಿಸುವುದು, ನಂತರ ದೀಪಾವಳಿ, ಗುಳೆ. ಜನವರಿಯ ಹೊತ್ತಿಗೆ ಇಪ್ಪತ್ತೆರಡು ಮಕ್ಕಳು ಬಂದರೆ ಅದು ಒಳ್ಳೆಯ ದಿನ. ಹೆಸರು ತೆಗೆಯುವ ಹಾಗಿಲ್ಲ, ತೆಗೆಯಬೇಕೆಂಬ ಮನಸ್ಸೂ ನಮಗಿರಲಿಲ್ಲ. ದಾಖಲೆಯಲ್ಲಿ ಅವರು ಶಾಲೆಯ ಮಕ್ಕಳೇ. ಇಂಥ ಮಕ್ಕಳು ಹತ್ತನೆಯ ತರಗತಿಗೆ ಬಂದಾಗ ಏನಾಗುತ್ತದೆ ಎಂಬುದು 2024ರಲ್ಲಿ ಕಂಡಿತು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿದ ಆ ವರ್ಷ ಉಡುಪಿಯಲ್ಲಿ ಉತ್ತೀರ್ಣರಾದವರು ನೂರಕ್ಕೆ 94, ಯಾದಗಿರಿಯಲ್ಲಿ 50.59. ಪತ್ರಿಕೆಗಳೆಲ್ಲ ಶಿಕ್ಷಕರನ್ನು ಬೈದವು. ಬೈಯಲಿ, ನಮ್ಮಲ್ಲಿಯೂ ಬೈಸಿಕೊಳ್ಳಬೇಕಾದವರು ಇದ್ದಾರೆ. ಒಬ್ಬನೇ ಶಿಕ್ಷಕನಿರುವ ಶಾಲೆಗಳನ್ನೂ, ಈ ಕಡೆ ನೇಮಕವಾದ ಮರುದಿನವೇ ವರ್ಗಾವಣೆಯ ಅರ್ಜಿ ಬರೆಯುವವರನ್ನೂ ನಾನು ಕಂಡಿದ್ದೇನೆ. ಆದರೆ ಜನವರಿಯಲ್ಲಿ ತರಗತಿಯಲ್ಲೇ ಇಲ್ಲದ ಹುಡುಗನಿಗೆ ಯಾವ ಮೇಷ್ಟ್ರು ಬೀಜಗಣಿತ ಕಲಿಸಿಯಾನು?

ಒಂದು ಸಂತೋಷದ ಮಾತನ್ನೂ ಹೇಳಬೇಕು. 2021ರ ಡಿಸೆಂಬರಿನಲ್ಲಿ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಮೊದಲು ಆರಿಸಿದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ರಾಜಧಾನಿಯಲ್ಲಿ ಅದರ ಬಗ್ಗೆ ದೊಡ್ಡ ಗದ್ದಲವಾಯಿತು. ಇಲ್ಲಿ ಆದದ್ದು ಇಷ್ಟೇ: ಮೊಟ್ಟೆಯ ದಿನ ಹಾಜರಿ ಏರುತ್ತಿತ್ತು, ಕೆಲವು ಮಕ್ಕಳು ತಿನ್ನದೆ ಚಡ್ಡಿಯ ಜೇಬಿನಲ್ಲಿಟ್ಟುಕೊಂಡು ಮನೆಯಲ್ಲಿರುವ ತಂಗಿಗೆ ಒಯ್ಯುತ್ತಿದ್ದರು. ಬಾಳೆಹಣ್ಣು ಬೇಕೆಂದವರಿಗೆ ಬಾಳೆಹಣ್ಣು. ಜಗಳ ಎಲ್ಲಿ ಆಯಿತೋ ನನಗಂತೂ ಕಾಣಲಿಲ್ಲ.

ಮಂಡ್ಯದ ಮಾತು

ಮೇಷ್ಟ್ರೇ, ಆ ಜೇಬಿನ ಮೊಟ್ಟೆಯ ಮಾತು ಓದಿದ ಮೇಲೆ ನನ್ನ ಟ್ರ್ಯಾಕ್ಟರಿನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಿತು. ಆದರೂ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಆ ಅಕ್ಕಿ ಯಾರಿಗೆ ಸೇರಬೇಕಿತ್ತು ಎಂಬುದಕ್ಕೆ ಇದೇ ಉತ್ತರ.

ಕಡಲೂರಿನವನು

ನನ್ನ ಮಾತಿನ ಒಂದು ಭಾಗವನ್ನು ತಿದ್ದಿಕೊಳ್ಳುತ್ತೇನೆ. ಮಕ್ಕಳ ಸಂಖ್ಯೆಯ ಬಗ್ಗೆ ನಾನು ಕಾರಣವೆಂದು ಹೇಳಿದ್ದು ಬಹುಶಃ ಪರಿಣಾಮವಿರಬೇಕು. ಹೆಣ್ಣುಮಕ್ಕಳು ಶಾಲೆ ಬಿಟ್ಟು ಬೇಗ ಮದುವೆಯಾದರೆ ಮಕ್ಕಳು ಹೆಚ್ಚಾಗುವುದು ಎಲ್ಲ ಕಡೆಯೂ ಕಂಡದ್ದೇ. ಆದರೆ ವಲಸೆಯ ವಿಷಯದಲ್ಲಿ ನನ್ನ ಪ್ರಶ್ನೆ ಹಾಗೆಯೇ ಇದೆ. ನಮ್ಮವರೂ ಹದಿಮೂರು, ಹದಿನಾಲ್ಕು ವರ್ಷಕ್ಕೆ ಮುಂಬೈನ ಹೋಟೆಲುಗಳಲ್ಲಿ ಲೋಟ ತೊಳೆಯಲು ಹೋದವರು. ನನ್ನ ದೊಡ್ಡಪ್ಪ ಹಾಗೆಯೇ ಹೋದವರು. ಅವರ ವಲಸೆ ಊರನ್ನು ಎತ್ತಿತು, ನಿಮ್ಮದು ಏಕೆ ಎತ್ತಲಿಲ್ಲ?

ಭೀಮಾದಂಡೆ

ನಿಮ್ಮ ದೊಡ್ಡಪ್ಪನವರು ರಾತ್ರಿ ಏನು ಮಾಡುತ್ತಿದ್ದರು ಎಂದು ಕೇಳಿ ನೋಡಿ.

ಕಡಲೂರಿನವನು

ಕೇಳುವುದೇನು, ಗೊತ್ತಿದೆ. ಮುಂಬೈನ ಫೋರ್ಟ್ ಕಡೆ ಕನ್ನಡದ ರಾತ್ರಿಶಾಲೆಗೆ ಹೋಗುತ್ತಿದ್ದರು. ಅಲ್ಲಿಯೇ ಮೆಟ್ರಿಕ್ ಮುಗಿಸಿದರು. ನಿಮ್ಮ ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಈಗ ಕಾಣುತ್ತಿದೆ.

ತಾಂಡಾದ ಮಗಳು

ಅಣ್ಣ, ಇನ್ನೂ ಒಂದು ವ್ಯತ್ಯಾಸವಿದೆ. ನಿಮ್ಮಲ್ಲಿ ಹೋದದ್ದು ಮನೆಗೊಬ್ಬ ಹುಡುಗ. ಊರಿನಲ್ಲಿ ತಾಯಿ, ಅಕ್ಕ, ಶಾಲೆಗೆ ಹೋಗುವ ತಂಗಿ ಉಳಿದರು, ಮನಿಯಾರ್ಡರ್ ಬಂದರೆ ಬಿಡಿಸಿಕೊಳ್ಳುವವರಿದ್ದರು. ನಮ್ಮಲ್ಲಿ ಹೋಗುವುದು ಇಡೀ ಮನೆ. ನಿಮ್ಮವರಿಗೆ ಮುಂಬೈಯಲ್ಲಿ ಊರಿನವನೇ ಆದ ಹೋಟೆಲ್ ಮಾಲೀಕ ಸಿಕ್ಕ, ಮಲಗಲು ಜಾಗ ಕೊಟ್ಟ, ಮುಂದೆ ಹೋಟೆಲ್ ಹಾಕಲು ದಾರಿಯನ್ನೂ ತೋರಿಸಿದ. ನಮ್ಮವರಿಗೆ ಸಿಕ್ಕಿದ್ದು ಮುಂಗಡ ಕೊಟ್ಟ ಮೇಸ್ತ್ರಿ. ಮುಂಗಡ ತೀರುವುದರೊಳಗೆ ಮದುವೆಯೋ ಕಾಯಿಲೆಯೋ ಬರುತ್ತದೆ, ಮತ್ತೆ ಮುಂಗಡ. ನಾವು ಕಟ್ಟಿದ ಕಟ್ಟಡದಲ್ಲಿ ಪಾಲುದಾರರಾದವರನ್ನು ನಾನು ಇನ್ನೂ ಕಂಡಿಲ್ಲ.

ಹೊಸಬ

ಹಾಗಾದರೆ ಉದ್ಯೋಗ ಖಾತ್ರಿ ಇದ್ದೂ ಏಕೆ ಹೋಗುತ್ತಾರೆ? 2024–25ರಲ್ಲಿ ಕರ್ನಾಟಕದ ದರ ದಿನಕ್ಕೆ 349 ರೂಪಾಯಿ ಇತ್ತಲ್ಲ.

ತೊಗರಿ ಹೊಲ

ಆಗ ವರ್ಷಕ್ಕೆ ನೂರು ದಿನ ಎಂಬುದು ಮಿತಿಯಾಗಿತ್ತು, ಸಿಗುತ್ತಿದ್ದದ್ದು ಅದಕ್ಕಿಂತ ಕಡಿಮೆ. ಹಣ ಬರುವುದು ಕೆಲಸ ಮುಗಿದು ಎಷ್ಟೋ ದಿನಗಳ ಮೇಲೆ, ಮೇಸ್ತ್ರಿಯ ಹಣ ಬರುವುದು ಕೆಲಸಕ್ಕೆ ಮೊದಲೇ. ಹಸಿದವನಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಗರನಾಡಿನವ

ನಿಜಾಮರ ಮಾತನ್ನು ಪೂರ್ತಿ ಬಿಟ್ಟುಬಿಡುವುದೂ ಸರಿಯಲ್ಲ ಎನಿಸುತ್ತದೆ. ಜಾಗೀರುಗಳು, ಉರ್ದುವಿನಲ್ಲಿ ನಡೆದ ಆಡಳಿತ, ಬೆರಳೆಣಿಕೆಯ ಕನ್ನಡ ಶಾಲೆಗಳು, ಇವೆಲ್ಲ ನಿಜ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದಾಗ ನಾವು ಓಟ ಶುರು ಮಾಡಿದ್ದೇ ಹಿಂದಿನಿಂದ. ಆದರೆ ಆಮೇಲಿನದು? ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಆ 39ರಲ್ಲಿ 21 ಗುಲಬರ್ಗಾ ವಿಭಾಗದವು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ. ಈ ಭಾಗದವರಿಗೆ ಶಿಕ್ಷಣದಲ್ಲೂ ಉದ್ಯೋಗದಲ್ಲೂ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂದದ್ದು ಅದಾದ ಮೇಲೆ. 2018ರಲ್ಲಿ ಕೇಂದ್ರ ಸರ್ಕಾರ ಹಿಂದುಳಿದ ಜಿಲ್ಲೆಗಳನ್ನು ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳೆಂಬ ಹೆಸರಿನಲ್ಲಿ ಆರಿಸಿದಾಗ ಕರ್ನಾಟಕದಿಂದ ಎರಡೇ, ರಾಯಚೂರು ಮತ್ತು ಯಾದಗಿರಿ. 2019ರಲ್ಲಿ ಹೈದರಾಬಾದ್ ಕರ್ನಾಟಕ ‘ಕಲ್ಯಾಣ ಕರ್ನಾಟಕ’ವಾಯಿತು. ಹೆಸರುಗಳಿಗೆ ನಮ್ಮಲ್ಲಿ ಬರವಿಲ್ಲ.

ಗುರುಮಠಕಲ್ ಹುಡುಗ

371(ಜೆ) ಬಗ್ಗೆ ನನಗೆ ಹೇಳಿಕೊಳ್ಳಲು ಹಕ್ಕಿದೆ, ಏಕೆಂದರೆ ನಾನು ಇಂಜಿನಿಯರಿಂಗ್ ಓದಿದ್ದು ಅದೇ ಮೀಸಲಾತಿಯಲ್ಲಿ. ಅದಿಲ್ಲದಿದ್ದರೆ ಇಂದು ಆ ಮೊಸರನ್ನದ ಮೇಜಿನಲ್ಲಿ ನಾನು ಕೂರುತ್ತಿರಲಿಲ್ಲ. ಆದರೆ ನನ್ನ ತರಗತಿಯಲ್ಲಿ ಈ ಕೋಟಾದಿಂದ ಬಂದವರಲ್ಲಿ ಬಹಳಷ್ಟು ಮಂದಿ ಕಲಬುರಗಿ, ಬಳ್ಳಾರಿ, ಬೀದರ್ ನಗರಗಳ ಖಾಸಗಿ ಶಾಲೆಯವರು. ಗುರುಮಠಕಲ್ ಕಡೆಯವನು ನಾನೊಬ್ಬನೇ, ನನ್ನಪ್ಪನಿಗೆ ಕಿರಾಣಿ ಅಂಗಡಿ ಇತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ. ಹತ್ತನೆಯ ತರಗತಿ ದಾಟಿದವನಿಗೆ ಮಾತ್ರ ಈ ಬಾಗಿಲು ತೆರೆಯುತ್ತದೆ.

ಹೊಸಬ

ನಾನು ಇನ್ನೊಂದು ಅಂಕಿಯನ್ನು ನೋಡಿದೆ. ಯಾದಗಿರಿಯಲ್ಲಿ ಸಾವಿರ ಗಂಡಸರಿಗೆ 989 ಹೆಂಗಸರು, ರಾಜ್ಯದಲ್ಲಿ 973. ಬಡ ಜಿಲ್ಲೆಯಲ್ಲಿ ಹೆಣ್ಣಿಗೆ ಹೆಚ್ಚು ಗೌರವ ಎಂದು ತಿಳಿಯಬಹುದೇ?

ಭೀಮಾದಂಡೆ

ಗಂಡಸರು ಗುಳೆ ಹೋಗಿದ್ದಾರೆ ಎಂದು ತಿಳಿಯಬಹುದು.

ತಾಂಡಾದ ಮಗಳು

ಜೋಡಿಯಾಗಿ ಹೋಗುತ್ತಾರೆ ಎಂದು ಈಗಷ್ಟೇ ಬರೆದೆನಲ್ಲ! ಒಂಟಿ ಗಂಡಸರು ಹೋಗುವುದು ಬೇರೆ ಸಮುದಾಯಗಳಲ್ಲಿ ಹೆಚ್ಚು.

ಅಂಕಿಪ್ರಿಯೆ

ಇಬ್ಬರೂ ಸರಿಯಿರಬಹುದು, ಅದೇ ತೊಡಕು. ಗಣತಿಯ ದಿನಾಂಕವನ್ನು ನೋಡಿ: 2011ರ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ, ಗುಳೆಯ ನಡುಮಧ್ಯದಲ್ಲಿ. ಆ ಇಪ್ಪತ್ತು ದಿನವೂ ಊರಿನಲ್ಲಿ ಇಲ್ಲದವರನ್ನು ಊರಿನಲ್ಲಿ ಬರೆಯುವುದಿಲ್ಲ, ಇರುವಲ್ಲಿ ಬರೆಯಬೇಕು. ಬೆಂಗಳೂರಿನ ಶೆಡ್ಡಿಗೆ ಎಣಿಕೆದಾರರು ಹೋಗಿದ್ದರೆ ಅವರು ಬೆಂಗಳೂರಿನ ಜನ, ಹೋಗದಿದ್ದರೆ ಎಲ್ಲಿಯ ಜನವೂ ಅಲ್ಲ. ಹೀಗಾಗಿ ಯಾದಗಿರಿಯ ಎಲ್ಲ ಪ್ರಮಾಣಗಳೂ, ಸಾಕ್ಷರತೆಯಾಗಲಿ ಲಿಂಗಾನುಪಾತವಾಗಲಿ ಪರಿಶಿಷ್ಟರ ಪಾಲಾಗಲಿ, ಫೆಬ್ರವರಿಯಲ್ಲಿ ಊರಿನಲ್ಲಿ ಉಳಿದವರ ಪ್ರಮಾಣಗಳು. ಊರು ಬಿಟ್ಟವರು ಹೆಚ್ಚು ಬಡವರಾಗಿದ್ದರೆ ಜಿಲ್ಲೆಯ ನಿಜವಾದ ಚಿತ್ರ ಇದಕ್ಕಿಂತ ಕೆಟ್ಟದಾಗಿದೆ, ಬೆಂಗಳೂರಿನದೂ ಸಹ.

2007–08ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಇಂಥವರಿಗೆಂದೇ ಒಂದು ಪ್ರಶ್ನೆ ಇಟ್ಟಿತ್ತು: ಹಿಂದಿನ ಒಂದು ವರ್ಷದಲ್ಲಿ ಕೆಲಸಕ್ಕಾಗಿ ಒಂದು ತಿಂಗಳಿಂದ ಆರು ತಿಂಗಳವರೆಗೆ ಹೊರಗಿದ್ದಿರಾ? ದೀಪಾವಳಿಗೆ ಹೊರಟು ಮಳೆಗೆ ಮರಳುವವನು ಆರು ತಿಂಗಳು ದಾಟಿದರೆ ಆ ಪ್ರಶ್ನೆಯಿಂದಲೂ ಜಾರಿಹೋಗುತ್ತಾನೆ.

ನಿವೃತ್ತ ಮೇಷ್ಟ್ರು

2011ರಲ್ಲಿ ನಾನೂ ಎಣಿಕೆದಾರ. ನನ್ನ ಪಾಲಿಗೆ ಬಂದ ಪ್ರದೇಶದಲ್ಲಿ ಬೀಗ ಹಾಕಿದ ಮನೆಗಳೇ ಒಂದು ಸಾಲಿನಷ್ಟಿದ್ದವು. ಪಕ್ಕದ ಮನೆಯ ಮುದುಕಿ, “ಅವರು ಬೆಂಗಳೂರಾಗ ಅದಾರ, ನೀವೇ ಬರಕೊಳ್ರಿ, ಎಲ್ಲರ ಹೆಸರು ನನಗ ಗೊತ್ತದ” ಎಂದಳು. ನಿಯಮ ಒಪ್ಪುವುದಿಲ್ಲ ಎಂದು ಅವಳಿಗೆ ತಿಳಿಸುವುದು ನನಗೆ ಸಾಧ್ಯವಾಗಲಿಲ್ಲ; “ನಮ್ಮೂರವರನ್ನು ನಮ್ಮೂರಿಗೆ ಬರೆಯಲಿಕ್ಕೆ ಏನು ಅಡ್ಡಿ?” ಎಂಬುದು ಅವಳ ವಾದ. ಹನ್ನೊಂದು ಮನೆಗಳನ್ನು ಖಾಲಿ ಬಿಟ್ಟು ಬಂದೆ.

ಮಂಡ್ಯದ ಮಾತು

2025ರ ಜಾತಿ ಸಮೀಕ್ಷೆಯಲ್ಲಿ ವಿದ್ಯುತ್ ಮೀಟರಿನ ಆಧಾರದ ಮೇಲೆ ಮನೆ ಗುರುತಿಸಿ ಚೀಟಿ ಅಂಟಿಸಿದರಲ್ಲವೇ? ತಗಡಿನ ಶೆಡ್ಡಿಗೆ ಯಾವ ಮೀಟರ್?

ತಾಂಡಾದ ಮಗಳು

ಕಟ್ಟಡದ ತಾತ್ಕಾಲಿಕ ಸಂಪರ್ಕದಿಂದ ಎಳೆದ ಒಂದು ವೈರು, ಮೂವತ್ತು ಶೆಡ್ಡಿಗೆ ಮೂವತ್ತು ಬಲ್ಬು. ಮೀಟರ್ ಇದ್ದರೆ ಅದು ಬಿಲ್ಡರನ ಹೆಸರಿನಲ್ಲಿ.

ಗುರುಮಠಕಲ್ ಹುಡುಗ

ಎಲ್ಲರಿಗೂ ಕೃತಜ್ಞತೆಗಳು. ಸಹೋದ್ಯೋಗಿಗೆ ಏನು ಹೇಳಬೇಕೆಂದು ಇನ್ನೂ ತಿಳಿದಿಲ್ಲ, ಎರಡು ಪದದಲ್ಲಿ ಹೇಳುವ ಉತ್ತರ ಇದಲ್ಲ ಎಂಬುದು ಮಾತ್ರ ತಿಳಿಯಿತು. ಇನ್ನೊಂದು ಪ್ರಶ್ನೆ ಕೇಳಿ ಮುಗಿಸುತ್ತೇನೆ. ಹೊಸ ಜನಗಣತಿಯ ಎಣಿಕೆ 2027ರ ಫೆಬ್ರವರಿಯಲ್ಲಿ ಎಂದು ಪ್ರಕಟವಾಗಿದೆ, ಮಾರ್ಚ್ 1 ಅದರ ಆಧಾರ ದಿನ, ಈ ಸಲ ಜಾತಿಯನ್ನೂ ಬರೆಯುತ್ತಾರೆ. ನಮ್ಮ ಅಂಗಡಿಯಲ್ಲಿ ಹತ್ತು ವರ್ಷ ದುಡಿದವನೊಬ್ಬ ಈಗ ಹೆಂಡತಿ, ಮೂವರು ಮಕ್ಕಳೊಂದಿಗೆ ವೈಟ್‌ಫೀಲ್ಡಿನ ಆಚೆ ಒಂದು ಶೆಡ್ಡಿನಲ್ಲಿದ್ದಾನೆ. ನಿನ್ನೆ ಫೋನ್ ಮಾಡಿ ಕೇಳಿದರೆ, “ಬರೆಸಲಿಕ್ಕೆಂದು ಊರಿಗೆ ಬರಬೇಕೇನು? ಎರಡು ದಿನದ ಕೂಲಿ ಹೋಗುತ್ತದೆ, ರೈಲಿನ ಖರ್ಚು ಬೇರೆ” ಎಂದ. ಅವನಿಗೆ ಏನು ಹೇಳಲಿ?

ನಿವೃತ್ತ ಮೇಷ್ಟ್ರು

ಬರುವುದು ಬೇಡ ಎಂದು ಹೇಳಿ. ಇದ್ದಲ್ಲಿಯೇ ಬರೆಸಿಕೊಳ್ಳಲಿ, ಹುಟ್ಟಿದ ಊರನ್ನೂ ಹಿಂದೆ ಇದ್ದ ಊರನ್ನೂ ಕೇಳಿದಾಗ ನಮ್ಮ ಜಿಲ್ಲೆಯ ಹೆಸರನ್ನು ಹೇಳಲಿ. ಎಣಿಕೆದಾರರು ಬರುವ ದಿನ ಅವರಿಬ್ಬರೂ ಕೆಲಸದ ಮೇಲಿರುತ್ತಾರೆ, ಆದ್ದರಿಂದ ಶೆಡ್ಡಿನಲ್ಲಿ ಉಳಿಯುವ ದೊಡ್ಡ ಮಗುವಿಗೆ ಎಲ್ಲರ ಹೆಸರು, ವಯಸ್ಸುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಲು ಹೇಳಿ.

ತಾಂಡಾದ ಮಗಳು

ನಾನು ಬೆಂಗಳೂರಿನಲ್ಲೇ ಇದ್ದೇನೆ, ಆ ಕಡೆಯ ಶೆಡ್ಡುಗಳು ನನಗೆ ಪರಿಚಿತ. ಫೆಬ್ರವರಿಯಲ್ಲಿ ಒಂದು ಭಾನುವಾರ ಹೋಗಿ ಬರೋಣ, ಚೀಟಿ ನಾವೇ ಬರೆಯೋಣ. ನೀವು ಬರುತ್ತೀರಾ?

ಗುರುಮಠಕಲ್ ಹುಡುಗ

ಬರುತ್ತೇನೆ. ಸಹೋದ್ಯೋಗಿಯನ್ನೂ ಕರೆದುಕೊಂಡು ಬರುತ್ತೇನೆ.